ಹಳತಾಗುವ ಮನೆ, ಹಳತಾಗದ ನೆಲ

ಮನೆ ಎಂಬುದು ಕಟ್ಟಿ ಮುಗಿಸಿದ ದಿನದಿಂದಲೇ ಸವೆಯತೊಡಗುತ್ತದೆ. ಹತ್ತು ವರ್ಷಕ್ಕೆ ತಾರಸಿಯಲ್ಲಿ ಸಣ್ಣ ಬಿರುಕುಗಳು ಮೂಡುತ್ತವೆ, ಇಪ್ಪತ್ತಕ್ಕೆ ಗೋಡೆಯೊಳಗಿನ ಕೊಳವೆಗಳು ತುಕ್ಕು ಹಿಡಿಯುತ್ತವೆ, ಮೂವತ್ತಾಗುವಷ್ಟರಲ್ಲಿ ವೈರಿಂಗನ್ನೂ ಕಿಟಕಿ ಬಾಗಿಲುಗಳನ್ನೂ ಬದಲಿಸುವ ಮಾತು ಬರುತ್ತದೆ. ಬಳಸಿ ಸವೆದ ಬೇರೆ ಯಾವ ವಸ್ತುವಾದರೂ ಕೊಂಡ ಬೆಲೆಗಿಂತ ಕಡಿಮೆಗೆ ಮಾರಾಟವಾಗುತ್ತದೆ. ಮಹಾನಗರದ ಮನೆ ಮಾತ್ರ ಈ ನಿಯಮಕ್ಕೆ ಒಗ್ಗುವುದಿಲ್ಲ. ಅದೇ ಕೋಣೆಗಳಿಗೆ, ಅದೇ ಸೋರುವ ತಾರಸಿಗೆ, ಕರಾರು ನವೀಕರಣವಾದಾಗಲೆಲ್ಲ ಹಿಂದಿನದಕ್ಕಿಂತ ಹೆಚ್ಚು ಬಾಡಿಗೆ ತೆರಬೇಕಾಗುತ್ತದೆ. ಬದುಕಿನ ಬಹುಪಾಲನ್ನು ಬಾಡಿಗೆ ಮನೆಗಳಲ್ಲೇ ಕಳೆದಿರುವ ನನ್ನನ್ನು ಈ ವಿಚಿತ್ರ ಬಹಳ ಕಾಲದಿಂದ ಕಾಡಿದೆ. ಸಿಮೆಂಟು, ಕಬ್ಬಿಣ, ಕೂಲಿ ಏರಿವೆ ಎಂಬ ಉತ್ತರ ಹೊಸ ಮನೆಗೆ ಸಲ್ಲಬಹುದು. ದಶಕಗಳ ಹಿಂದೆಯೇ ಕಟ್ಟಿ ಸಾಲವನ್ನೂ ತೀರಿಸಿದ ಮನೆಗೆ ಅದು ಹೇಗೆ ಸಂದೀತು?

ಈ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಸ್ಪಷ್ಟವಾದ ಉತ್ತರ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿದೆ. ಕಾಥರೀನಾ ಕ್ನಾಲ್, ಮೊರಿಟ್ಸ್ ಶುಲಾರಿಕ್ ಮತ್ತು ಥಾಮಸ್ ಸ್ಟೆಗರ್ ಎಂಬ ಅರ್ಥಶಾಸ್ತ್ರಜ್ಞರು ಕೈಗಾರಿಕೆ ಬೆಳೆದ 14 ದೇಶಗಳ ಮನೆ ಬೆಲೆಗಳನ್ನು 1870ರಿಂದ ಮೊದಲುಗೊಂಡು ಕಲೆಹಾಕಿದರು. ಹಣದುಬ್ಬರವನ್ನು ಕಳೆದು ನೋಡಿದಾಗ, 20ನೆಯ ಶತಮಾನದ ನಡುಗಾಲದವರೆಗೆ ಮನೆಗಳ ಬೆಲೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಎರಡನೆಯ ಮಹಾಯುದ್ಧದ ನಂತರವೇ ಅದು ಜೋರಾಗಿ ಏರಿತು. ಆ ಏರಿಕೆಯಲ್ಲಿ ಸುಮಾರು ಶೇ. 80ರಷ್ಟಕ್ಕೆ ಕಾರಣವಾದದ್ದು ನೆಲದ ಬೆಲೆ, ಕಟ್ಟುವ ಖರ್ಚಿನ ಪಾಲು ಸಣ್ಣದು. ಜಪಾನಿನಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ. ಅಲ್ಲಿ ಮರದ ಮನೆಯ ಆಯುಷ್ಯವನ್ನು ತೆರಿಗೆ ಲೆಕ್ಕಕ್ಕೆ 22 ವರ್ಷ ಎಂದು ಹಿಡಿಯಲಾಗುತ್ತದೆ, ಮಾರುಕಟ್ಟೆಯೂ ಹಳೆಯ ಮನೆಗೆ ಬೆಲೆಯನ್ನೇ ಕಟ್ಟದೆ ಕೆಳಗಿನ ನಿವೇಶನಕ್ಕೆ ಮಾತ್ರ ಬೆಲೆ ಹೇಳುತ್ತದೆ. ಉಳಿದ ಕಡೆಗಳಲ್ಲಿ ನಾವು ಎರಡನ್ನೂ ಒಂದೇ ಅಂಕಿಯೊಳಗೆ ಸೇರಿಸಿ ‘ಮನೆ ಬೆಲೆ’ ಎಂದುಬಿಡುವುದರಿಂದ ಒಂದು ಇಳಿಯುತ್ತ ಇನ್ನೊಂದು ಏರುತ್ತಿರುವುದು ಕಣ್ಣಿಗೆ ಬೀಳುವುದಿಲ್ಲ.

ನೆಲದ ಬೆಲೆ ಎಲ್ಲಿಂದ ಬರುತ್ತದೆ ಎಂಬುದನ್ನು 1817ರಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಬೇಸಾಯದ ಭೂಮಿಯನ್ನು ಮುಂದಿಟ್ಟುಕೊಂಡು ವಿವರಿಸಿದ. ಗೇಣಿ ಹೆಚ್ಚಿರುವುದರಿಂದ ಧಾನ್ಯ ದುಬಾರಿಯಾಗುವುದಿಲ್ಲ, ಧಾನ್ಯ ದುಬಾರಿಯಾಗಿರುವುದರಿಂದ ಗೇಣಿ ಹೆಚ್ಚುತ್ತದೆ ಎಂಬುದು ಅವನ ವಾದದ ತಿರುಳು. ಫಲವತ್ತಾದ ಹೊಲಕ್ಕೂ ಉಳುಮೆಯಾಗುತ್ತಿರುವ ಕಟ್ಟಕಡೆಯ ಬರಡು ಹೊಲಕ್ಕೂ ಇರುವ ಇಳುವರಿಯ ಅಂತರವೇ ಗೇಣಿಯಾಗಿ ಒಡೆಯನ ಕೈಸೇರುತ್ತದೆ. 1964ರಲ್ಲಿ ವಿಲಿಯಂ ಅಲಾನ್ಸೊ ಇದೇ ಬಗೆಯ ಆಲೋಚನೆಯನ್ನು ನಗರಕ್ಕೆ ಅನ್ವಯಿಸಿದಾಗ ಫಲವತ್ತತೆಯ ಜಾಗದಲ್ಲಿ ದೂರ ಬಂದು ಕೂತಿತು. ಕೆಲಸ, ಆಸ್ಪತ್ರೆ, ಕಾಲೇಜುಗಳು ಇರುವ ಕಡೆಗೆ ಹತ್ತಿರವಿದ್ದಷ್ಟೂ ಓಡಾಟದ ಖರ್ಚು ಮತ್ತು ಹೊತ್ತು ಉಳಿಯುತ್ತದೆ. ಹಾಗೆ ಉಳಿದದ್ದಕ್ಕೆ ಎಷ್ಟು ತೆರಲು ಜನ ಸಿದ್ಧರಿರುತ್ತಾರೋ ಅಷ್ಟೂ ಬಾಡಿಗೆಗೆ ಸೇರಿಕೊಳ್ಳುತ್ತದೆ. ನಾನು ಪ್ರತಿ ತಿಂಗಳು ತೆರುವ ಹಣದಲ್ಲಿ ನಾಲ್ಕು ಗೋಡೆಗಳ ಪಾಲು ಚಿಕ್ಕದು, ಆ ಗೋಡೆಗಳು ನಿಂತಿರುವ ಜಾಗದ ಪಾಲು ದೊಡ್ಡದು.

ಇಷ್ಟು ತಿಳಿದ ಮೇಲೆ ಮನೆ ಮಾಲೀಕರ ಮೇಲಿನ ನನ್ನ ಸಿಟ್ಟು ಬಹಳಷ್ಟು ಕರಗಿದೆ. ಬಾಡಿಗೆ ಏರಿಸುವಾಗ ಅವರು ಹೇಳುವ ಮಾತು ಯಾವಾಗಲೂ ಒಂದೇ: ‘ಈ ಏರಿಯಾದಲ್ಲಿ ಈಗ ಇಷ್ಟು ನಡೀತಿದೆ.’ ಇದು ನೆಪವೆಂದು ಅನೇಕ ಬಾಡಿಗೆದಾರರು ತಿಳಿಯುತ್ತಾರೆ, ಆದರೆ ಅದು ನಿಜವಾದ ವಿವರಣೆಯೇ ಆಗಿದೆ. ಬಡಾವಣೆಗೆ ರೈಲು ಬಂದದ್ದು, ಹೊಸ ಆಸ್ಪತ್ರೆ ತೆರೆದದ್ದು, ಸುತ್ತ ಕಚೇರಿಗಳು ಬೆಳೆದದ್ದು ಇವೆಲ್ಲ ಅವರ ಶ್ರಮದಿಂದ ಆದದ್ದಲ್ಲ. ಬೆಲೆಯನ್ನು ಅವರು ಒಬ್ಬರೇ ನಿರ್ಧರಿಸಿಯೂ ಇಲ್ಲ. ಇಡೀ ನಗರ ಸೇರಿ ಆ ಜಾಗಕ್ಕೆ ಬೆಲೆ ತಂದಿದೆ. ತೆರಿಗೆ ಕಟ್ಟಿದವರು, ರಸ್ತೆ ಗುಡಿಸಿದವರು, ಅಂಗಡಿ ತೆರೆದವರು, ಮಕ್ಕಳಿಗೆ ಪಾಠ ಹೇಳಿದವರು ಎಲ್ಲರೂ ಅದಕ್ಕೆ ತಮ್ಮ ಪಾಲು ಸೇರಿಸಿದ್ದಾರೆ. ಬಾಡಿಗೆದಾರನೂ ಅವರಲ್ಲಿ ಒಬ್ಬ. ತಾನೂ ಸೇರಿ ಹೆಚ್ಚಿಸಿದ ಬೆಲೆಯನ್ನು ಅವನು ಮತ್ತೆ ತಾನೇ ತೆರಬೇಕಾಗಿ ಬಂದಿರುವುದು ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಅನ್ಯಾಯವಾಗಿ ಕಾಣುವ ಸಂಗತಿ, ಮತ್ತು ಈ ಅನ್ಯಾಯಕ್ಕೆ ಯಾವೊಬ್ಬ ವ್ಯಕ್ತಿಯನ್ನೂ ಹೊಣೆ ಮಾಡಲು ಬಾರದಿರುವುದೇ ಅದರ ಬಗ್ಗೆ ಮಾತಾಡುವುದನ್ನು ಕಷ್ಟಗೊಳಿಸಿದೆ.

ಜೀವನವೆಚ್ಚದ ಮಾತು ಬಂದಾಗ ನಾವು ಸಾಮಾನ್ಯವಾಗಿ ಬಾಡಿಗೆಯನ್ನು ಒಂದು ಸಾಲಿನಲ್ಲೂ ದಿನಸಿ, ಶಾಲಾ ಶುಲ್ಕ, ವೈದ್ಯರ ಖರ್ಚುಗಳನ್ನು ಬೇರೆ ಸಾಲುಗಳಲ್ಲೂ ಬರೆಯುತ್ತೇವೆ. ಆದರೆ ಆ ಬೇರೆ ಸಾಲುಗಳ ಒಳಗೂ ಬಾಡಿಗೆ ಅಡಗಿ ಕೂತಿದೆ. ಕ್ಷೌರಿಕನ ಅಂಗಡಿಗೆ ಬಾಡಿಗೆ ಇದೆ, ಅಲ್ಲಿ ಕೆಲಸಕ್ಕಿರುವ ಹುಡುಗನ ಕೋಣೆಗೂ ಬಾಡಿಗೆ ಇದೆ, ಅವನು ಉಣ್ಣುವ ಊಟದ ಬೆಲೆಯಲ್ಲಿ ಹೋಟೆಲಿನ ಬಾಡಿಗೆ ಸೇರಿದೆ. ಶಿಶುವಿಹಾರದ ಶುಲ್ಕದಲ್ಲಿ ಕಟ್ಟಡದ ಬಾಡಿಗೆಯೂ ಶಿಕ್ಷಕಿಯ ಮನೆಯ ಬಾಡಿಗೆಯೂ ಎರಡೂ ಇವೆ. ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯಲ್ಲಿ ಬರುವ ಫ್ಯಾನು, ಮೊಬೈಲು, ಬಟ್ಟೆಗಳ ಬೆಲೆ ಸಣ್ಣ ಪಟ್ಟಣದಲ್ಲಿಯೂ ಮಹಾನಗರದಲ್ಲಿಯೂ ಹೆಚ್ಚುಕಡಿಮೆ ಒಂದೇ ಇರುವಾಗ, ಮನುಷ್ಯರ ಕೈಯಿಂದ ಅಲ್ಲೇ ಆಗಬೇಕಾದ ಕೆಲಸಗಳು ಮಾತ್ರ ದುಬಾರಿಯಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಸಂಬಳ ಹೆಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ಇಲ್ಲಿಯೇ ಎಡವುತ್ತದೆ. ಒಬ್ಬನ ಸಂಬಳ ಹೆಚ್ಚಿದರೆ ಅವನಿಗೆ ಅನುಕೂಲವಾಗುವುದು ನಿಜ. ಆದರೆ ಮನೆಗಳ ಸಂಖ್ಯೆ ಇದ್ದಷ್ಟೇ ಇದ್ದು ಎಲ್ಲರ ಸಂಬಳವೂ ಒಟ್ಟಿಗೆ ಹೆಚ್ಚಿದರೆ, ಅದೇ ಮನೆಗಳಿಗಾಗಿ ಅದೇ ಜನ ಹೆಚ್ಚು ಹಣ ಹಿಡಿದು ಸಾಲು ನಿಲ್ಲುತ್ತಾರೆ.

ಈ ಭಾರ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ ಎಂಬುದು ಹೊಸ ಅರಿವೇನೂ ಅಲ್ಲ. 1868ರಲ್ಲಿ ಬರ್ಲಿನ್ ನಗರದ ಅಂಕಿಅಂಶ ಕಚೇರಿಯ ಮುಖ್ಯಸ್ಥನಾಗಿದ್ದ ಹೆರ್ಮಾನ್ ಶ್ವಾಬೆ, ಕುಟುಂಬ ಬಡವಾದಷ್ಟೂ ಅದರ ಆದಾಯದಲ್ಲಿ ಬಾಡಿಗೆಯ ಪಾಲು ದೊಡ್ಡದಾಗುತ್ತದೆ ಎಂದು ಲೆಕ್ಕಹಾಕಿ ತೋರಿಸಿದ. ಅದಕ್ಕೂ ಹನ್ನೊಂದು ವರ್ಷ ಮೊದಲು ಜರ್ಮನಿಯ ಅಂಕಿಅಂಶ ತಜ್ಞ ಎರ್ನ್ಸ್ಟ್ ಎಂಗೆಲ್ ಆಹಾರದ ಬಗ್ಗೆ ಇದೇ ಮಾತನ್ನು ಹೇಳಿದ್ದ. ಒಂದೂವರೆ ಶತಮಾನದ ನಂತರವೂ ಶ್ವಾಬೆಯ ಮಾತಿಗೆ ಬಲ ಕುಂದಿಲ್ಲ. ಹೊಟ್ಟೆಗೆ ಕಡಿಮೆ ತಿಂದು ದಿನ ದೂಡಬಹುದು, ಹಳೆಯ ಬಟ್ಟೆಯನ್ನೇ ಇನ್ನೊಂದು ವರ್ಷ ತೊಡಬಹುದು. ಅರ್ಧ ಮನೆಯಲ್ಲಿ ಇರಲಾಗುವುದಿಲ್ಲ, ಇರಬೇಕಾದರೆ ಇನ್ನೊಂದು ಕುಟುಂಬದ ಜೊತೆ ಇರಬೇಕಾಗುತ್ತದೆ.

ಹಾಗಾದರೆ ಕೈಗೆಟುಕುವ ಮನೆ ಎಂದರೆ ಯಾವುದು? ಆದಾಯದ ಶೇ. 30ಕ್ಕಿಂತ ಕಡಿಮೆಯಲ್ಲಿ ಸಿಗುವುದು ಎಂಬ ಉತ್ತರ ಎಲ್ಲ ಕಡೆ ಕೇಳಿಬರುತ್ತದೆ. ಈ ಅಂಕಿ ಯಾವುದೋ ಆಳವಾದ ಶೋಧನೆಯ ಫಲವಿರಬೇಕು ಎಂದು ಕೇಳಿದವರಿಗೆ ಅನ್ನಿಸುತ್ತದೆ. ಅಮೆರಿಕದಲ್ಲಿ 1969ರಲ್ಲಿ ಸರ್ಕಾರಿ ವಸತಿಯ ಬಾಡಿಗೆದಾರರು ತಮ್ಮ ಆದಾಯದ ಶೇ. 25ಕ್ಕಿಂತ ಹೆಚ್ಚು ತೆರಬೇಕಿಲ್ಲ ಎಂದು ಕಾನೂನು ಮಾಡಲಾಯಿತು. 1981ರಲ್ಲಿ ಸರ್ಕಾರದ ಖರ್ಚು ತಗ್ಗಿಸುವ ಸಲುವಾಗಿ ಅದನ್ನೇ ಶೇ. 30ಕ್ಕೆ ಏರಿಸಲಾಯಿತು. ಆಡಳಿತದ ಅನುಕೂಲಕ್ಕಾಗಿ ಗೆರೆ ಎಳೆದ ಒಂದು ಅಂಕಿ ಕ್ರಮೇಣ ಜಗತ್ತಿನ ಅಳತೆಗೋಲಾಗಿ ಬೆಳೆದಿದೆ. ಅದರಲ್ಲಿರುವ ದೋಷ ಸರಳವಾದದ್ದು. ದೊಡ್ಡ ಸಂಬಳದವನು ಅರ್ಧ ಆದಾಯವನ್ನು ಬಾಡಿಗೆಗೆ ಕೊಟ್ಟರೂ ಉಳಿದರ್ಧದಲ್ಲಿ ನೆಮ್ಮದಿಯಾಗಿರುತ್ತಾನೆ. ಮೂವರು ಮಕ್ಕಳಿರುವ ದಿನಗೂಲಿಯವಳು ಐದನೆಯ ಒಂದು ಭಾಗ ಕೊಟ್ಟರೂ ತಿಂಗಳ ಕೊನೆಯ ವಾರ ಸಾಲ ಮಾಡುತ್ತಾಳೆ. ಅಮೆರಿಕದ ವಿದ್ವಾಂಸ ಮೈಕೇಲ್ ಸ್ಟೋನ್ ಈ ಕಾರಣಕ್ಕಾಗಿಯೇ ಪಾಲಿನ ಲೆಕ್ಕವನ್ನು ಬಿಟ್ಟು, ಬಾಡಿಗೆ ತೆತ್ತ ಮೇಲೆ ಉಳಿಯುವ ಹಣ ಆ ಕುಟುಂಬದ ಉಳಿದ ಅಗತ್ಯಗಳಿಗೆ ಸಾಲುತ್ತದೆಯೇ ಎಂದು ನೋಡಬೇಕು ಎಂದು ವಾದಿಸಿದರು. ನನ್ನ ಮಟ್ಟಿಗೆ ಅದೇ ಪ್ರಾಮಾಣಿಕವಾದ ಅಳತೆ.

ಉಳಿಯುವ ಹಣದ ಜೊತೆಗೆ ಉಳಿಯುವ ಹೊತ್ತನ್ನೂ ಈ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ನಗರದ ಹೊರ ಅಂಚಿಗೆ ಹೋದರೆ ಕಡಿಮೆ ಬಾಡಿಗೆಗೆ ಮನೆ ಸಿಗುತ್ತದೆ ಎಂದು ಸಲಹೆ ಕೊಡುವವರು, ಕಡಿಮೆಯಾದ ಬಾಡಿಗೆಯನ್ನು ಬೇರೊಂದು ನಾಣ್ಯದಲ್ಲಿ ತೆರಬೇಕಾಗುತ್ತದೆ ಎಂಬುದನ್ನು ಮರೆತಿರುತ್ತಾರೆ. ಇಟಲಿಯ ಭೌತವಿಜ್ಞಾನಿ ಚೇಸರೆ ಮಾರ್ಕೆಟ್ಟಿ 1994ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಕಾಲ ದೇಶಗಳು ಯಾವುದೇ ಇರಲಿ, ಮನುಷ್ಯರು ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟನ್ನು ಓಡಾಟಕ್ಕೆ ಕೊಡುತ್ತಾರೆ ಎಂದು ವಾದಿಸಿದ್ದರು. ಮಹಾನಗರದ ಅಂಚಿನಲ್ಲಿ ಬದುಕುವವರಿಗೆ ಆ ಒಂದು ಗಂಟೆ ಬೆಳಗಿನ ಅರ್ಧ ದಾರಿಗೂ ಸಾಲದು. ಷಿಕಾಗೊದ ಒಂದು ಸಂಶೋಧನಾ ಸಂಸ್ಥೆ ಬಾಡಿಗೆ ಮತ್ತು ಓಡಾಟದ ಖರ್ಚುಗಳನ್ನು ಕೂಡಿಸಿ, ಎರಡೂ ಸೇರಿ ಆದಾಯದ ಶೇ. 45ನ್ನು ದಾಟಬಾರದು ಎಂಬ ಅಳತೆಯನ್ನು ಮುಂದಿಟ್ಟಿದೆ. ಹಾಗೆ ನೋಡಿದಾಗ ಅಗ್ಗವೆನಿಸಿದ್ದ ಅನೇಕ ಹೊರವಲಯಗಳು ಅಗ್ಗವಾಗಿ ಉಳಿಯುವುದಿಲ್ಲ. ಅದರಲ್ಲಿಯೂ ದಾರಿಯ ಖರ್ಚು ಮಾತ್ರ ಲೆಕ್ಕಕ್ಕೆ ಬರುತ್ತದೆ, ದಾರಿಯಲ್ಲಿ ಕಳೆದ ಹೊತ್ತು ಬರುವುದಿಲ್ಲ. ಆ ಹೊತ್ತು ಮಗುವಿನ ಜೊತೆಗಿನ ಸಂಜೆಯಿಂದ, ಹಿರಿಯರನ್ನು ನೋಡಿಕೊಳ್ಳುವುದರಿಂದ, ನಿದ್ದೆಯಿಂದ ಕಿತ್ತುಕೊಂಡದ್ದು. ಹೆಚ್ಚಿನ ಮನೆಗಳಲ್ಲಿ ಅದು ಹೆಂಗಸಿನ ಪಾಲಿನಿಂದಲೇ ಹೋಗುತ್ತದೆ, ಅಥವಾ ಮನೆಗೂ ಕೆಲಸಕ್ಕೂ ನಡುವೆ ದಾರಿ ಸವೆಸಲಾಗದೆ ಅವಳು ಕೆಲಸವನ್ನೇ ಬಿಡುತ್ತಾಳೆ. ಯಾವ ವಸತಿ ಸಮೀಕ್ಷೆಯ ಕೋಷ್ಟಕವೂ ಹಾಗೆ ಬಿಟ್ಟ ಕೆಲಸವನ್ನು ಮನೆಯ ಬೆಲೆ ಎಂದು ದಾಖಲಿಸುವುದಿಲ್ಲ.

ರಾತ್ರಿ ಪಾಳಿಯ ನರ್ಸ್, ಬಸ್ಸಿನ ಚಾಲಕ, ಕಸ ಸಾಗಿಸುವವರು, ಅಡುಗೆಯವರು ಮೊದಲಾದವರಿಗೆ ಕೆಲಸದ ಜಾಗದ ಬಳಿ ಇರುವ ಅಗತ್ಯ ಎಲ್ಲರಿಗಿಂತ ಹೆಚ್ಚು, ಏಕೆಂದರೆ ಅವರ ಕೆಲಸ ಮನೆಯಿಂದ ಮಾಡುವಂಥದ್ದಲ್ಲ, ಬೆಳಗಿನ ಮೊದಲ ರೈಲಿಗಿಂತ ಮುಂಚೆಯೇ ಶುರುವಾಗುವಂಥದ್ದು. ಹತ್ತಿರವಿರುವ ಶಕ್ತಿ ಅವರಿಗೇ ಎಲ್ಲರಿಗಿಂತ ಕಡಿಮೆ. ಅದರ ಪರಿಣಾಮವಾಗಿ ಜಗತ್ತಿನಾದ್ಯಂತ 100 ಕೋಟಿಗೂ ಹೆಚ್ಚು ಜನ ಕೊಳೆಗೇರಿಗಳಲ್ಲಿ ಬದುಕುತ್ತಿದ್ದಾರೆಂದು ವಿಶ್ವಸಂಸ್ಥೆ ಅಂದಾಜು ಮಾಡಿದೆ. ಅವರು ಆ ಇಕ್ಕಟ್ಟನ್ನು ಆರಿಸಿಕೊಂಡಿರುವುದು ಅಜ್ಞಾನದಿಂದಲ್ಲ. ಕೆಲಸಕ್ಕೆ ನಡೆದು ಹೋಗುವಷ್ಟು ಹತ್ತಿರವಿರುವುದರ ಬೆಲೆ ಅವರಿಗೆ ಚೆನ್ನಾಗಿ ಗೊತ್ತು. ಇಂಥ ಜನರನ್ನು ಎಬ್ಬಿಸಿ ಊರಾಚೆಯ ಹೊಸ ಕಟ್ಟಡಗಳಿಗೆ ಕಳಿಸಿದಾಗ ಎಷ್ಟೋ ಕುಟುಂಬಗಳು ಮರಳಿ ಬಂದು ಮೊದಲಿಗಿಂತ ಕೆಟ್ಟ ಜಾಗದಲ್ಲಿ ನೆಲೆಸುವುದು ಇದೇ ಕಾರಣಕ್ಕೆ.

ಮನೆಗಳು ಸಾಲದಿದ್ದರೆ ಹೆಚ್ಚು ಕಟ್ಟಬೇಕು ಎಂಬ ವಾದವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಬಹಳಷ್ಟು ನಗರಗಳಲ್ಲಿ ಕಟ್ಟಲು ಅಡ್ಡಿಯಾಗಿರುವುದು ನಗರ ತನಗೆ ತಾನೇ ಹಾಕಿಕೊಂಡ ನಿಯಮಗಳು. ನ್ಯೂಯಾರ್ಕ್ 1916ರಲ್ಲಿ, ನಗರದ ಯಾವ ಭಾಗದಲ್ಲಿ ಎಂಥ ಕಟ್ಟಡ ಕಟ್ಟಬಹುದೆಂದು ಹೇಳುವ ವಲಯ ನಿಯಮಗಳನ್ನು ತಂದಿತು. 1926ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಯೂಕ್ಲಿಡ್ ಎಂಬ ಸಣ್ಣ ಊರಿನ ಮೊಕದ್ದಮೆಯಲ್ಲಿ ಅಂಥ ನಿಯಮಗಳನ್ನು ಎತ್ತಿಹಿಡಿಯಿತು. ಅಲ್ಲಿಂದ ಮುಂದೆ ಆ ದೇಶದ ನಗರಗಳ ಬಹುಪಾಲು ವಸತಿ ನೆಲದಲ್ಲಿ ಒಂದು ನಿವೇಶನಕ್ಕೆ ಒಂದೇ ಕುಟುಂಬದ ಮನೆ ಎಂಬುದು ಕಾನೂನಾಗಿ ನೆಲೆಗೊಂಡಿತು. ಟೋಕಿಯೊ ಬೇರೆ ದಾರಿ ಹಿಡಿದಿದೆ. ಜಪಾನಿನಲ್ಲಿ ಭೂಬಳಕೆಯ ವಲಯಗಳ ಬಗೆಗಳನ್ನು ರಾಷ್ಟ್ರೀಯ ಕಾನೂನೇ ನಿಗದಿ ಮಾಡುತ್ತದೆ, ನಿಯಮಕ್ಕೆ ಒಳಪಟ್ಟ ಕಟ್ಟಡಕ್ಕೆ ಅಕ್ಕಪಕ್ಕದವರ ತಕರಾರು ಅಷ್ಟು ಸುಲಭವಾಗಿ ಅಡ್ಡಬರುವುದಿಲ್ಲ. ಟೋಕಿಯೊ ಮಹಾನಗರದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೊಸ ಮನೆಗಳ ನಿರ್ಮಾಣ ಆರಂಭವಾಗುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ತನ್ನ ವಸತಿ ನೆಲದ ಸುಮಾರು ಮುಕ್ಕಾಲು ಭಾಗದಲ್ಲಿ ಹೆಚ್ಚು ಮನೆಗಳನ್ನು ಕಟ್ಟಲು ಅವಕಾಶ ಕೊಟ್ಟ ನಂತರ ಅಲ್ಲಿನ ನಿರ್ಮಾಣ ಪರವಾನಗಿಗಳು ಗಣನೀಯವಾಗಿ ಹೆಚ್ಚಿದವು. ಎತ್ತರದ ಕಟ್ಟಡಗಳು ಬಂದರೆ ಬಡಾವಣೆಯ ಚಹರೆ ಕೆಡುತ್ತದೆ ಎನ್ನುವವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ಚಹರೆಯನ್ನು ಉಳಿಸಿಕೊಳ್ಳುವುದರ ಖರ್ಚನ್ನು ಅಲ್ಲಿ ಇನ್ನೂ ಮನೆ ಸಿಗದವರು ಭರಿಸುತ್ತಿರುತ್ತಾರೆ, ಮತ್ತು ಅವರಿಗೆ ಆ ಬಡಾವಣೆಯ ಸಭೆಯಲ್ಲಿ ಕುರ್ಚಿ ಇರುವುದಿಲ್ಲ.

ಆದರೂ ಕಟ್ಟುವುದೊಂದರಿಂದಲೇ ಈ ಗಂಟು ಬಿಡಿಸಿಕೊಳ್ಳುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಒಂದು ನಿವೇಶನದಲ್ಲಿ ಒಂದು ಮನೆಯ ಬದಲು ಆರು ಮನೆ ಕಟ್ಟಬಹುದು ಎಂದು ನಗರಾಡಳಿತ ಒಂದು ಸಂಜೆ ತೀರ್ಮಾನಿಸಿದರೆ, ಮರುದಿನ ಬೆಳಿಗ್ಗೆ ಆ ನಿವೇಶನದ ಬೆಲೆ ಏರಿರುತ್ತದೆ. ಒಂದು ಇಟ್ಟಿಗೆಯೂ ಬಿದ್ದಿರುವುದಿಲ್ಲ. ಬೆಲೆ ಇನ್ನೂ ಏರೀತೆಂದು ಒಡೆಯ ಕಾಯತೊಡಗಿದರೆ ನಿವೇಶನ ವರ್ಷಗಟ್ಟಲೆ ಖಾಲಿಯಾಗಿಯೇ ಬಿದ್ದಿರುತ್ತದೆ.

ಬಾಡಿಗೆಯನ್ನೇ ಕಾನೂನಿನಿಂದ ಕಟ್ಟಿಹಾಕುವ ಉಪಾಯವನ್ನು ನಗರಗಳು ಬಹಳ ಹಿಂದಿನಿಂದ ಪ್ರಯೋಗಿಸಿವೆ. ಮುಂಬೈಯಲ್ಲಿ 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟದಲ್ಲಿ ನಿಲ್ಲಿಸಿತು. ದಶಕಗಳು ಉರುಳಿದಂತೆ ಬಾಡಿಗೆಯ ಹಣ ಸುಣ್ಣ ಬಣ್ಣಕ್ಕೂ ಸಾಲದಾಗಿ, ದುರಸ್ತಿ ನಿಂತುಹೋಗಿ, ಕಟ್ಟಡಗಳು ಮಳೆಗಾಲದಲ್ಲಿ ಕುಸಿಯತೊಡಗಿದವು. ಅವುಗಳ ದುರಸ್ತಿಗೆಂದೇ ಸರ್ಕಾರ ಮಂಡಳಿಯೊಂದನ್ನು ರಚಿಸಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೊ 1994ರಲ್ಲಿ ಬಾಡಿಗೆ ನಿಯಂತ್ರಣವನ್ನು ಸಣ್ಣ ಕಟ್ಟಡಗಳಿಗೂ ವಿಸ್ತರಿಸಿದ್ದರ ಪರಿಣಾಮವನ್ನು ಸ್ಟ್ಯಾನ್‌ಫರ್ಡ್‌ನ ಮೂವರು ಅರ್ಥಶಾಸ್ತ್ರಜ್ಞರು ಅಳೆದು 2019ರಲ್ಲಿ ಪ್ರಕಟಿಸಿದರು. ರಕ್ಷಣೆ ಸಿಕ್ಕ ಬಾಡಿಗೆದಾರರು ಅದೇ ಮನೆಯಲ್ಲಿ ಹೆಚ್ಚು ಕಾಲ ಉಳಿದರು. ಅದೇ ಹೊತ್ತಿಗೆ ಆ ಕಟ್ಟಡಗಳ ಮಾಲೀಕರು ಬಾಡಿಗೆಗೆ ಕೊಡುವ ಮನೆಗಳನ್ನು ಶೇ. 15ರಷ್ಟು ಕಡಿಮೆ ಮಾಡಿದರು, ಅದರಿಂದ ನಗರದ ಒಟ್ಟು ಬಾಡಿಗೆ ಸುಮಾರು ಶೇ. 5ರಷ್ಟು ಏರಿತು. ಈ ಅಧ್ಯಯನವನ್ನು ಬಾಡಿಗೆ ನಿಯಂತ್ರಣದ ವಿರೋಧಿಗಳು ಕೊನೆಯರ್ಧವನ್ನಷ್ಟೇ ಹಿಡಿದು ಉದ್ಧರಿಸುತ್ತಾರೆ. ಮೊದಲರ್ಧವೂ ನನಗೆ ಅಷ್ಟೇ ಮುಖ್ಯ. ಶಾಲೆಗೆ ಹೋಗುವ ಮಗುವಿರುವ, ಅಥವಾ ಕಾಯಿಲೆಯ ಹಿರಿಯರಿರುವ ಮನೆಗೆ ಹನ್ನೊಂದು ತಿಂಗಳಿಗೊಮ್ಮೆ ಹೊಸ ಊರು ಹುಡುಕುವಂತೆ ಹೇಳುವುದು ಕ್ರೌರ್ಯ. ಇದ್ದಲ್ಲೇ ಇರುವ ಭರವಸೆಯನ್ನು ಕಾನೂನು ಕೊಡಬೇಕು, ವರ್ಷದ ಏರಿಕೆಗೆ ಮಿತಿ ಇರಬೇಕು. ಆದರೆ ಬಾಡಿಗೆಯನ್ನು ಕಾಲದಲ್ಲಿ ಹೆಪ್ಪುಗಟ್ಟಿಸಿದರೆ ಒಳಗಿದ್ದವರಿಗೆ ಮಾಡಿದ ಉಪಕಾರದ ಬೆಲೆಯನ್ನು ಹೊರಗೆ ನಿಂತವರು ತೆರುತ್ತಾರೆ. ಜರ್ಮನಿಯ ಒಂದು ರಾಜ್ಯವೂ ಆಗಿರುವ ಬರ್ಲಿನ್ ನಗರ 2020ರಲ್ಲಿ ತಂದ ಬಾಡಿಗೆ ಮಿತಿಯ ಕಾನೂನು ಒಂದು ವರ್ಷದ ಮೇಲೆ ಸ್ವಲ್ಪ ಕಾಲ ಬಾಳುವಷ್ಟರಲ್ಲಿ, ರಾಜ್ಯಕ್ಕೆ ಆ ಅಧಿಕಾರವೇ ಇಲ್ಲವೆಂದು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2021ರಲ್ಲಿ ಅದನ್ನು ರದ್ದು ಮಾಡಿತು.

ವಿಯೆನ್ನಾದ ಉದಾಹರಣೆಯನ್ನು ವಸತಿಯ ಬಗ್ಗೆ ಬರೆಯುವವರೆಲ್ಲ ಕೊಡುತ್ತಾರೆ. ಅಲ್ಲಿನ ಬೃಹತ್ ಕಟ್ಟಡಗಳ ಚಿತ್ರಗಳನ್ನು ಎಲ್ಲರೂ ಮೆಚ್ಚುತ್ತಾರೆ. 1930ರಲ್ಲಿ ಉದ್ಘಾಟನೆಯಾದ, ಒಂದು ಕಿಲೋಮೀಟರಿಗೂ ಉದ್ದವಾದ, 1,382 ಮನೆಗಳ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ವಸತಿ ಸಮುಚ್ಚಯ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವುಗಳ ಕೆಳಗಿನ ನೆಲ ನಗರದ ಕೈಗೆ ಬಂದ ಬಗೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬಾಡಿಗೆದಾರರಿಗೆ ಕೊಟ್ಟ ರಕ್ಷಣೆ, ನಂತರದ ಭೀಕರ ಹಣದುಬ್ಬರ ಇವೆರಡೂ ಸೇರಿ ಬಾಡಿಗೆಯ ಆದಾಯವನ್ನು ಬಹುತೇಕ ಶೂನ್ಯಕ್ಕೆ ತಂದಿದ್ದವು. ಆದಾಯವಿಲ್ಲದ ನೆಲಕ್ಕೆ ಬೆಲೆಯೂ ಇರಲಿಲ್ಲ. ಆಗ ನಗರಾಡಳಿತ ದೊಡ್ಡ ಪ್ರಮಾಣದಲ್ಲಿ ನೆಲ ಕೊಂಡಿತು. ಹಣಕಾಸಿನ ಹೊಣೆ ಹೊತ್ತಿದ್ದ ಹ್ಯೂಗೊ ಬ್ರೈಟ್ನರ್ 1923ರಲ್ಲಿ ವಸತಿ ತೆರಿಗೆಯನ್ನು ತಂದರು. ಚಿಕ್ಕ ಮನೆಗಳಿಗೆ ಅತ್ಯಲ್ಪ, ಐಷಾರಾಮಿ ಮನೆಗಳಿಗೆ ಬಹಳ ಭಾರಿ. ಆ ಹಣದಿಂದ 1934ರ ಹೊತ್ತಿಗೆ 60,000ಕ್ಕೂ ಹೆಚ್ಚು ಮನೆಗಳು ಎದ್ದವು. ಇಂದು ನಗರದ ಒಡೆತನದಲ್ಲಿ ಸುಮಾರು 2,20,000 ಮನೆಗಳಿವೆ, ಸೀಮಿತ ಲಾಭದ ವಸತಿ ಸಂಘಗಳ ಮನೆಗಳೂ ಸೇರಿದರೆ ನಗರದ ಅರ್ಧದಷ್ಟು ಜನ ಇಂಥ ಮನೆಗಳಲ್ಲಿದ್ದಾರೆ. ಮುಂದೆ ಬೇಕಾಗುವ ನೆಲವನ್ನು ಮೊದಲೇ ಕೊಂಡಿಡುವುದಕ್ಕೆಂದು 1984ರಲ್ಲಿ ಒಂದು ನಿಧಿಯನ್ನೂ ಸ್ಥಾಪಿಸಿದರು. ಶತಮಾನದ ಹಿಂದೆ ಅಗ್ಗವಾಗಿ ಕೊಂಡ ನೆಲ ಇಂದಿಗೂ ಅಲ್ಲಿನ ಬಾಡಿಗೆಯನ್ನು ತಡೆದು ಹಿಡಿದಿದೆ.

ಸಿಂಗಪುರದ ಕಥೆ ಇನ್ನೂ ಕಠಿಣವಾದದ್ದು. 1960ರಲ್ಲಿ ವಸತಿ ಮಂಡಳಿ ಸ್ಥಾಪನೆಯಾಯಿತು; ಮರುವರ್ಷ ಬುಕಿತ್ ಹೋ ಸ್ವೀ ಎಂಬ ಗುಡಿಸಲ ಬಡಾವಣೆಯಲ್ಲಿ ಎದ್ದ ಬೆಂಕಿ ಸುಮಾರು 16,000 ಜನರನ್ನು ಬೀದಿಗೆ ತಂದಿತು, ಅವರಿಗಾಗಿ ಮಂಡಳಿ ಬಹಳ ವೇಗವಾಗಿ ಮನೆಗಳನ್ನು ಕಟ್ಟಿತು. 1966ರ ಭೂಸ್ವಾಧೀನ ಕಾನೂನು ಸರ್ಕಾರಕ್ಕೆ ಅಪಾರ ಅಧಿಕಾರ ಕೊಟ್ಟಿತು. ನಂತರದ ತಿದ್ದುಪಡಿಯೊಂದು ಪರಿಹಾರವನ್ನು 1973ರ ಬೆಲೆಗೆ ಕಟ್ಟಿಹಾಕಿತು, ಮಾರುಕಟ್ಟೆ ಬೆಲೆಯ ಪರಿಹಾರ ಮರಳಿ ಬಂದದ್ದು 2007ರಲ್ಲಿ. ಇಂದು ಅಲ್ಲಿನ ನಿವಾಸಿಗಳಲ್ಲಿ ಹತ್ತಿರ ಹತ್ತಿರ ಶೇ. 80ರಷ್ಟು ಜನ ಮಂಡಳಿಯ ಮನೆಗಳಲ್ಲಿದ್ದಾರೆ. ನೆಲ ಕಳೆದುಕೊಂಡವರಿಗೆ ಆದ ಅನ್ಯಾಯವನ್ನು ನಾನು ಹಗುರವಾಗಿ ಕಾಣಲಾರೆ; ಸಣ್ಣ ಹಿಡುವಳಿಯ ರೈತನ ನೆಲವನ್ನು ಹಾಗೆ ಕಿತ್ತುಕೊಳ್ಳುವುದನ್ನು ಯಾವ ಪ್ರಜಾಪ್ರಭುತ್ವವೂ ಅನುಕರಿಸಬಾರದು. ಆದರೆ ನಗರ ಬೆಳೆದಾಗ ಹುಟ್ಟುವ ಬೆಲೆ ಸಾರ್ವಜನಿಕರಿಗೆ ಸೇರಬೇಕು ಎಂಬ ಮೂಲ ಮಾತನ್ನು ಆ ಅನ್ಯಾಯದಿಂದ ಬೇರ್ಪಡಿಸಿ ನೋಡಲು ಸಾಧ್ಯವಿದೆ. ಇಂಗ್ಲೆಂಡ್ ಇದರ ತಿರುವುಮುರುವಾದ ದಾರಿಯಲ್ಲಿ ನಡೆಯಿತು. 1980ರ ಕಾನೂನು ಸ್ಥಳೀಯ ಆಡಳಿತದ ಮನೆಗಳನ್ನು ಅಲ್ಲಿದ್ದ ಬಾಡಿಗೆದಾರರಿಗೇ ರಿಯಾಯಿತಿಯಲ್ಲಿ ಮಾರಲು ಅವಕಾಶ ಮಾಡಿಕೊಟ್ಟಿತು, ಅಂದಿನಿಂದ ಸುಮಾರು 20 ಲಕ್ಷ ಮನೆಗಳು ಮಾರಾಟವಾದವು. ಆ ಒಂದು ಪೀಳಿಗೆಗೆ ಅದು ನಿಜವಾದ ವರವಾಗಿತ್ತು. ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟದೆ ಹೋದದ್ದರಿಂದ ಅವರ ಮಕ್ಕಳಿಗೆ ಅಂಥ ಮನೆಗಳು ಉಳಿಯಲಿಲ್ಲ, ಮಾರಿದ ಮನೆಗಳಲ್ಲಿ ಎಷ್ಟೋ ಈಗ ಖಾಸಗಿ ಬಾಡಿಗೆಗೆ ಸಿಗುತ್ತಿವೆ.

ಈ ವಿಷಯದಲ್ಲಿ ಎಲ್ಲ ದೇಶಗಳ ರಾಜಕಾರಣವೂ ಒಂದು ಮಾತನ್ನು ಬಾಯಿಬಿಟ್ಟು ಹೇಳಲು ಹೆದರುತ್ತದೆ. ಮನೆ ಕೈಗೆಟುಕುವಂತಿರಬೇಕು ಎಂಬ ಆಶ್ವಾಸನೆಯನ್ನೂ ಮನೆ ಕೊಂಡವರ ಆಸ್ತಿ ಬೆಳೆಯುತ್ತಲೇ ಇರುತ್ತದೆ ಎಂಬ ಆಶ್ವಾಸನೆಯನ್ನೂ ಒಂದೇ ವೇದಿಕೆಯಿಂದ ಕೊಡಲಾಗುತ್ತದೆ. ಎರಡೂ ಏಕಕಾಲಕ್ಕೆ ನಿಜವಾಗಲು ಸಾಧ್ಯವಿಲ್ಲ. ಮನೆ ಕೊಂಡವರನ್ನು ದೂರುವ ಮನಸ್ಸು ನನಗಿಲ್ಲ. ಪಿಂಚಣಿಯಿಲ್ಲದ, ಆಸ್ಪತ್ರೆಯ ಖರ್ಚಿಗೆ ಬೇರೆ ಆಧಾರವಿಲ್ಲದ ಕಡೆ ಜನ ಸಾಲ ಮಾಡಿಯಾದರೂ ಮನೆ ಕೊಳ್ಳುವುದು ಮುಪ್ಪಿನ ಭಯದಿಂದ. ಇಪ್ಪತ್ತು ವರ್ಷ ಕಂತು ಕಟ್ಟಿದ ದಂಪತಿಗೆ ಮನೆಯ ಬೆಲೆ ಇಳಿಯಲಿ ಎಂದು ಹೇಳುವ ಧೈರ್ಯ ನನಗೂ ಇಲ್ಲ. ಅದಕ್ಕಾಗಿಯೇ ವಸತಿ ನೀತಿಯ ಮೊದಲ ಹೆಜ್ಜೆ ಪಿಂಚಣಿ ಮತ್ತು ಆರೋಗ್ಯದ ಭದ್ರತೆಯಲ್ಲಿದೆ ಎಂದು ನಾನು ನಂಬುತ್ತೇನೆ. ಮುಪ್ಪಿನ ಭಯ ಕಡಿಮೆಯಾದಷ್ಟೂ ಮನೆಯನ್ನು ಮನೆಯಾಗಿ ಮಾತ್ರ ನೋಡುವುದು ಸುಲಭವಾಗುತ್ತದೆ.

ನೆಲದ ಬೆಲೆ ಎಲ್ಲರ ಸೃಷ್ಟಿಯಾದರೆ ಅದರ ಮೇಲೆಯೇ ತೆರಿಗೆ ಹಾಕಬೇಕು, ಕಟ್ಟಡದ ಮೇಲೆ ಹಾಕಬಾರದು ಎಂದು 1879ರಲ್ಲಿ ಅಮೆರಿಕದ ಚಿಂತಕ ಹೆನ್ರಿ ಜಾರ್ಜ್ ವಾದಿಸಿದ. ಈ ವಾದ ಅಂದು ಎಷ್ಟು ಜನಪ್ರಿಯವಾಗಿತ್ತೆಂದರೆ 1886ರ ನ್ಯೂಯಾರ್ಕ್ ಮೇಯರ್ ಚುನಾವಣೆಯಲ್ಲಿ ಅವನು ಎರಡನೆಯ ಸ್ಥಾನಕ್ಕೆ ಬಂದ, ಮುಂದೆ ಅಧ್ಯಕ್ಷನಾಗಲಿದ್ದ ಥಿಯೊಡೋರ್ ರೂಸ್‌ವೆಲ್ಟ್ ಮೂರನೆಯವನಾದ. ಪಿಟ್ಸ್‌ಬರ್ಗ್ ನಗರ 1913ರಿಂದ 2001ರವರೆಗೆ ನೆಲಕ್ಕೆ ಹೆಚ್ಚು, ಕಟ್ಟಡಕ್ಕೆ ಕಡಿಮೆ ತೆರಿಗೆ ವಿಧಿಸುತ್ತಿತ್ತು. ಡೆನ್ಮಾರ್ಕಿನಲ್ಲಿ ನೆಲದ ತೆರಿಗೆ ಇಂದಿಗೂ ಇದೆ. ಇಂಥ ತೆರಿಗೆ ಇದ್ದಲ್ಲಿ ಖಾಲಿ ನಿವೇಶನವನ್ನು ಬೆಲೆ ಏರಲೆಂದು ಹಿಡಿದು ಕೂರುವುದು ದುಬಾರಿಯಾಗುತ್ತದೆ. ಹಳೆಯ ಮನೆಯಲ್ಲಿ ಒಬ್ಬಳೇ ಇರುವ, ಆದಾಯವಿಲ್ಲದ ವಿಧವೆ ಈ ತೆರಿಗೆಯನ್ನು ಹೇಗೆ ಕಟ್ಟಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡದೆ ಅದನ್ನು ಜಾರಿಗೆ ತರಬಾರದು. ಮನೆ ಮಾರಾಟವಾಗುವವರೆಗೆ ಅಥವಾ ವಾರಸುದಾರರಿಗೆ ಹೋಗುವವರೆಗೆ ಆ ಬಾಕಿಯನ್ನು ಮುಂದೂಡುವ ಏರ್ಪಾಡು ನನಗೆ ಸರಿಯೆನಿಸುತ್ತದೆ.

ಇದಕ್ಕಿಂತ ಕಡಿಮೆ ವಿರೋಧಕ್ಕೆ ಗುರಿಯಾಗುವ, ಯಾವ ನಗರವೂ ನಾಳೆಯೇ ಆರಂಭಿಸಬಹುದಾದ ಕೆಲಸವೊಂದಿದೆ. ಜಪಾನಿನಲ್ಲಿ ಕೊಬಾಯಾಶಿ ಇಚಿಜೊ ಎಂಬ ಉದ್ಯಮಿ 1910ರಲ್ಲಿ ಒಸಾಕಾದ ಹೊರವಲಯಕ್ಕೆ ರೈಲು ಓಡಿಸಿದಾಗ, ಮಾರ್ಗದ ಪಕ್ಕದ ನೆಲವನ್ನು ಮೊದಲೇ ಕೊಂಡು, ಅಲ್ಲಿ ಮನೆಗಳನ್ನು ಕಟ್ಟಿ ಕಂತುಗಳಲ್ಲಿ ಮಾರಿದರು. ರೈಲು ತಂದ ಬೆಲೆ ರೈಲಿಗೇ ಸೇರಿತು. ಹಾಂಗ್‌ಕಾಂಗಿನ ಮೆಟ್ರೊ ಸಂಸ್ಥೆ ಇದೇ ತತ್ವದ ಮೇಲೆ ನಿಲ್ದಾಣಗಳ ಮೇಲಿನ ಮತ್ತು ಸುತ್ತಲಿನ ಜಾಗವನ್ನು ಅಭಿವೃದ್ಧಿಪಡಿಸಿ ಮಾರ್ಗದ ಖರ್ಚನ್ನು ತುಂಬಿಕೊಂಡಿದೆ. ಆ ಲಾಭ ಅಲ್ಲಿ ಬಾಡಿಗೆ ಇಳಿಸಲು ಬಳಕೆಯಾಗಿಲ್ಲ. ಹಾಂಗ್‌ಕಾಂಗ್ ಇಂದಿಗೂ ಜಗತ್ತಿನ ಅತಿ ದುಬಾರಿ ನಗರಗಳಲ್ಲೊಂದು. ಹಾಗಾಗಿ ನೆಲ ಸಾರ್ವಜನಿಕರ ಕೈಯಲ್ಲಿದ್ದರೆ ಸಾಲದು, ಅದರ ಮೇಲೆ ಯಾರಿಗಾಗಿ ಕಟ್ಟಲಾಗುತ್ತದೆ ಎಂಬುದೂ ಮೊದಲೇ ಬರೆದಿಟ್ಟಿರಬೇಕು.

ಸಾಮಾನ್ಯವಾಗಿ ನಗರಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಮಾರ್ಗದ ನಕ್ಷೆ ಹೊರಬೀಳುತ್ತದೆ, ಅದನ್ನು ಮುಂಚಿತವಾಗಿ ಬಲ್ಲವರು ನೆಲ ಕೊಳ್ಳುತ್ತಾರೆ, ಸಾರ್ವಜನಿಕರ ಹಣದಿಂದ ಮಾರ್ಗ ನಿರ್ಮಾಣವಾಗುತ್ತದೆ, ಬೆಲೆ ಏರುತ್ತದೆ, ಬಾಡಿಗೆದಾರರು ಜಾಗ ಖಾಲಿ ಮಾಡುತ್ತಾರೆ. ಎಲ್ಲ ಮುಗಿದ ಮೇಲೆ, ಕೈಗೆಟುಕುವ ಮನೆಗಳಿಗಾಗಿ ಅದೇ ದುಬಾರಿ ನೆಲವನ್ನು ಕೊಳ್ಳಲು ಬೊಕ್ಕಸದಲ್ಲಿ ಹಣವಿಲ್ಲ ಎಂದು ವರದಿಯೊಂದು ಪ್ರಕಟವಾಗುತ್ತದೆ. ಹೊಸ ರೈಲು ಮಾರ್ಗವನ್ನು ಯೋಜಿಸುವ ನಗರ, ನಕ್ಷೆಯನ್ನು ಪ್ರಕಟಿಸುವ ಮೊದಲೇ ಪ್ರತಿ ನಿಲ್ದಾಣದ ನಡಿಗೆಯ ಅಳತೆಯೊಳಗೆ ಸ್ವಲ್ಪ ನೆಲವನ್ನು ಅಂದಿನ ನ್ಯಾಯವಾದ ಬೆಲೆ ಕೊಟ್ಟು ಕೊಂಡಿಟ್ಟುಕೊಳ್ಳಲಿ. ಆ ನೆಲವನ್ನು ಎಂದಿಗೂ ಮಾರದೆ ದೀರ್ಘಾವಧಿಯ ಗುತ್ತಿಗೆಗೆ ಮಾತ್ರ ಕೊಡಲಿ, ಅದರ ಮೇಲಿನ ಮನೆಗಳ ಬಾಡಿಗೆಯನ್ನು ಕಟ್ಟುವ ಮತ್ತು ನೋಡಿಕೊಳ್ಳುವ ಖರ್ಚಿಗೆ ಸರಿಯಾಗಿ ನಿಗದಿಪಡಿಸಲಿ, ಮೊದಲ ಪಾಲನ್ನು ಆ ಮಾರ್ಗದ ಸುತ್ತಮುತ್ತ ಪಾಳಿಯಲ್ಲಿ ದುಡಿಯುವವರಿಗೆ ಮೀಸಲಿಡಲಿ. ಯೋಜನೆಯ ವೆಚ್ಚದ ಅಂದಾಜು ಪಟ್ಟಿಯಲ್ಲಿ ಹಳಿ, ಸುರಂಗ, ಬೋಗಿಗಳ ಸಾಲಿನಲ್ಲೇ ಈ ನೆಲದ ಖರೀದಿಯೂ ಒಂದು ಬಾಬತ್ತಾಗಿ ಮೊದಲ ದಿನವೇ ಸೇರಬೇಕು.